ತುಣುಕಿನ ಹಿಂಬದಿ

ಸಂಜೆಯ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಹಳೆಯ ಪತ್ರಿಕೆಗಳ ಸಂಗ್ರಹಾಲಯ ಬಾಗಿಲು ಹಾಕುವ ಹೊತ್ತಾದರೂ ಓದಲು ಬಂದಿದ್ದ ನಾಲ್ಕೈದು ಮಂದಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಹರಿದ ಹಾಳೆಗಳನ್ನು ಸರಿಪಡಿಸುತ್ತಲೇ ತಲೆ ನರೆಸಿಕೊಂಡಿದ್ದ ಬೈಂಡಿಂಗ್ ಅಜ್ಜಿಗೆ, ಕೇಳುವವರು ಸಿಕ್ಕರಲ್ಲ ಎಂದು ಒಳಗೊಳಗೇ ಖುಷಿ. ಇಲ್ಲಿ ದೆವ್ವ ಇದೆಯಂತೆ, ಹೌದೇ ಎಂದು ಯಾರೋ ಕೇಳಿದ್ದೇ ತಡ, ಬೆಂಚಿನ ಮೇಲೆ ಕಾಲು ಮಡಚಿ ಕೂತು ಶುರುಮಾಡಿದಳು.

"ದೆವ್ವ ಅಂತ ಯಾಕ್ರೀ ಅಂತೀರಿ, ಕತ್ತರಿ ಮಾಮ ಅನ್ನಿ. ದಿನಾ ಪೇಪರಿಂದ ಮುಖ್ಯವಾದ ಸುದ್ದಿ ಕತ್ತರಿಸಿ, ಹಾಳೆಗೆ ಅಂಟಿಸಿ, ಪೆಟ್ಟಿಗೆಗೆ ಹಾಕೋದು ಬದುಕಿದ್ದಾಗ ಇಲ್ಲಿ ಅವರ ಕೆಲಸ. ಭಾರಿ ಅಚ್ಚುಕಟ್ಟು, ಮೂಗಿನ ತುದೀಲೇ ಕೋಪ. ಆದ್ರೆ ಒಂದು ವಿಷಯ ಆ ಪುಣ್ಯಾತ್ಮರಿಗೆ ಹೊಳೀಲೇ ಇಲ್ಲ ನೋಡಿ... ಪೇಪರಿಗೆ ಎರಡು ಮಗ್ಗುಲು ಇರುತ್ತೆ, ಅಲ್ವಾ? ಈ ಕಡೆ ಸುದ್ದಿ ಕತ್ತರಿಸಿದ್ರೆ ಆ ಕಡೆದೂ ಜೊತೆಗೇ ಹೋಗಿ ಅಂಟಿನಡಿ ಕೂತ್ಕೊಳ್ಳುತ್ತೆ.

"ಅವರು ತೀರ್ಕೊಂಡ ಮೇಲೆ ಒಬ್ಬಳು ಟೀಚರ್ ಬಂದ್ಲು. ಹೆತ್ತಮ್ಮನ ಮುಖಾನೇ ಕಂಡವಳಲ್ಲ, ಅಮ್ಮ ಹೆರಿಗೇಲೇ ಹೋಗ್ಬಿಟ್ಟಿದ್ಲಂತೆ, ಮನೇಲಿ ಒಂದು ಫೋಟೋನೂ ಇಲ್ಲ. ಮದುವೆಗೆ ಮುಂಚೆ ಅಮ್ಮ ಈಜಿನ ಸ್ಪರ್ಧೆ ಗೆದ್ದಾಗ ಪೇಪರಲ್ಲಿ ಚಿತ್ರ ಬಂದಿತ್ತು ಅಂತ ಚಿಕ್ಕಮ್ಮ ಹೇಳಿದ್ದಷ್ಟೇ ಆಧಾರ. ಹುಡುಕಿದ್ವಿ. ವರ್ಷ ಸಿಕ್ತು, ಪುಟ ಸಿಕ್ತು, ಅಮ್ಮನ ಹೆಸರೂ ಸಿಕ್ತು... ಅದರ ಮೇಲೆ ಚಿತ್ರ ಇರ್ಬೇಕಾದ ಕಡೆ ದೊಡ್ಡ ತೂತು! ಆ ಹೆಣ್ಣು ತೂತಿನ ಮೇಲೆ ಕೈಯಿಟ್ಕೊಂಡು ಅತ್ಬಿಟ್ಲು. ಆ ತುಣುಕು ಯಾವ ಪೆಟ್ಟಿಗೆ ಸೇರಿತ್ತೋ, ಯಾರು ಕಂಡೋರು? ಮಾಮನ ಕೋಣೆ ತುಂಬಾ ಪೆಟ್ಟಿಗೆಗಳೇ. ಸಿಟ್ಟು ತಡೀಲಾರ್ದೆ ಅವರ ಖಾಲಿ ಕುರ್ಚಿ ಕಡೆ ತಿರುಗಿ ಗದರಿಬಿಟ್ಟೆ, 'ಮಾಮ, ಕತ್ತರಿಸಿದವರು ನೀವು. ನೀವೇ ಹುಡುಕಿಕೊಡಿ' ಅಂತ.

"ಮಾರನೇ ಬೆಳಿಗ್ಗೆ ಬೀಗ ತೆಗೆದದ್ದು ನಾನೇ. ಅವರ ಮೇಜಿನ ಮೇಲೆ ಒಂದು ತಟ್ಟೆ ನೀರು, ಮೈದಾ ಅಂಟು ಬಿಟ್ಕೊಂಡು ಬೆಳ್ಳಗಾಗಿತ್ತು. ಪಕ್ಕದಲ್ಲಿ ಬ್ಲಾಟಿಂಗ್ ಪೇಪರ್ ಮೇಲೆ ಒಂದು ತುಣುಕು, ಒಂದೆಳೆಯೂ ಹರೀದ ಹಾಗೆ ಬಿಡಿಸಿ, ಮಗುಚಿ ಇಟ್ಟಿತ್ತು. ಅಡಿಯಲ್ಲಿ ಯಾವುದೋ ಸೇತುವೆ ಕಟ್ಟಿದ ಸುದ್ದಿ. ಮೇಲೆ... ಒದ್ದೆ ಕೂದಲು ಮುಖಕ್ಕೆ ಅಂಟಿಸ್ಕೊಂಡು ಹಲ್ಲು ಬಿಟ್ಟು ನಗ್ತಿರೋ ಹುಡುಗಿ! ಟೀಚರನ್ನ ಕರೆಸಿದೆ. ಚಿತ್ರದ ಮೇಲೆ ಬಾಗಿ ನೋಡಿದ್ಲು. ಆಮೇಲೆ ಇಷ್ಟೇ ಅಂದ್ಲು, 'ಅಜ್ಜಿ, ನನ್ನ ಮಗಳು ನಗೋದೂ ಹೀಗೇ.'"

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸದ್ಯ, ಮಾಮನಿಗೆ ಮುಕ್ತಿ ಸಿಕ್ಕಿತಲ್ಲ ಎಂದು ಒಬ್ಬರು ಸಮಾಧಾನದ ಉಸಿರುಬಿಟ್ಟರು.

"ಎಲ್ಲಿಯ ಮುಕ್ತಿ? ಅವರು ಕತ್ತರಿಸಿದ್ದು ಒಂದಾ, ಎರಡಾ? ಕೇಳೋರು ಇರೋ ತನಕ ಅವರು ಬಿಡಿಸ್ತಾನೇ ಇರ್ತಾರೆ. ಮೊದಮೊದಲು ಬಾಯಿಬಿಟ್ಟು ಕೇಳ್ಬೇಕಿತ್ತು... ಈಗ ಅದೂ ಬೇಡ."

ಅಜ್ಜಿ ಬೀಗ ಹಾಕಿದ್ದ ಮಾಮನ ಕೋಣೆಯ ಕಡೆ ಕಿವಿಗೊಟ್ಟಳು. ಆಮೇಲೆ ಎಲ್ಲರ ಮುಖಗಳನ್ನೂ ಒಂದೊಂದಾಗಿ ನೋಡಿದಳು.

"ಕೇಳಿಸ್ತಾ... ತಟ್ಟೆಗೆ ನೀರು ಬಗ್ಗಿಸ್ತಿದಾರೆ. ಅಂದ್ರೆ ನಿಮ್ಮಲ್ಲೊಬ್ಬರು ಈಗಷ್ಟೇ ಮನಸ್ಸಲ್ಲೇ ಯಾರದೋ ಮುಖ ಹುಡುಕಿಕೊಡಿ ಅಂತ ಮಾಮನ್ನ ಕೇಳ್ಕೊಂಡಿದೀರಿ. ನಾಳೆ ಬೆಳಿಗ್ಗೆ ಬನ್ನಿ."