ತಾಯಿ ಹದ್ದು ಬಂತಾ?

ಬಸ್ ಸ್ಟಾಪಿನ ಬೆಂಚಿನ ಮೇಲೆ, ಬೇರೆ ಬಸ್ಸಿಗೆ ಕಾಯುತ್ತಿದ್ದ ಟೈಲರಮ್ಮನ ಪಕ್ಕದಲ್ಲೇ ಅತ್ತೆ ಸೊಸೆ ಕೂತಿದ್ದರು. ಸೊಸೆಯ ಮೊಬೈಲಿನಲ್ಲಿ ಎಲ್ಲೋ ದೂರದ ಮರದ ತುದಿಯ ಬಿಳಿತಲೆ ಹದ್ದಿನ ಗೂಡಿನ ನೇರಪ್ರಸಾರ. ಗೂಡಿನಲ್ಲಿ ಬೂದು ಬಣ್ಣದ ಮರಿಯೊಂದೇ. ಟೈಲರಮ್ಮ ಬಗ್ಗಿ ನೋಡಲಿಲ್ಲ. ಕಿವಿಯನ್ನಂತೂ ಅತ್ತಲೇ ಇಟ್ಟಿದ್ದಳು.

“ಅತ್ತೆ, ಗಂಡು ಹದ್ದು ಬೆಳಗ್ಗೆಯಿಂದ ಪತ್ತೆ ಇಲ್ಲ. ಈಗ ತಾಯೀನೂ ಹಾರಿಹೋಯ್ತು.”

“ಮೀನು ತರೋಕೆ ಹೋಗಿರುತ್ತೆ. ಬರುತ್ತೆ ಬಿಡು.”

“ಅಷ್ಟರಲ್ಲಿ ಕಾಗೆ ಬಂದ್ರೆ?”

“ಡೇಕೇರ್ ಕ್ಯಾಮೆರಾ ನೋಡ್ಬೇಡ ಅಂದ್ರೆ ಇದನ್ನ ಹಿಡ್ಕೊಂಡ್ಯಲ್ಲ ತಾಯಿ!”

“ನಿನ್ನೆ ಪಾಪು ಎಷ್ಟು ಅಳ್ತಿತ್ತು ಗೊತ್ತಾ?”

“ಗೊತ್ತು. ನೀನು ಔಷಧಿ ಅಂಗಡಿ ಕೌಂಟರ್ ಬಿಟ್ಟು ಓಡಿ ಬರೋ ಹೊತ್ತಿಗೆ ಆಟ ಆಡ್ತಿತ್ತು. ಇವತ್ತೂ ಓಡಿ ಬಂದ್ರೆ ಅಂಗಡಿಯವರು ಮನೇಲೇ ಇರಮ್ಮ ಅಂತಾರೆ.”

“ನಿಮ್ಮ ಮಂಡಿ ಸರಿಯಾಗಿದ್ದಿದ್ರೆ...”

“ಇದ್ದಿದ್ರೆ ಅಲ್ಲಿಗೆ ಯಾಕೆ ಬಿಡ್ತಿದ್ವಿ? ನಾನೂ ಅಜ್ಜಿನೇ. ಧೈರ್ಯವಾಗಿ ಇಲ್ವಾ? ಬಸ್ ಬಂತು, ಹತ್ತು. ತಾಯಿ ಹದ್ದು ಬಂದ್ರೆ ಮೆಸೇಜ್ ಹಾಕು.”

ಸೊಸೆ ಹತ್ತಿದ ಬಸ್ ತಿರುವು ದಾಟಿದ್ದೇ ತಡ, ಅತ್ತೆ ತನ್ನ ಮೊಬೈಲ್ ಹೊರತೆಗೆದಳು. ಅದರಲ್ಲಿ ಹದ್ದಿರಲಿಲ್ಲ. ಸಾಲು ಚಾಪೆಗಳು, ತುದಿಯ ಚಾಪೆಯಲ್ಲಿ ಬೆರಳು ಚೀಪುತ್ತ ಮಲಗಿದ್ದ ಮಗು.

“ಅಮ್ಮಾ, ಸ್ವಲ್ಪ ನೋಡಿ,” ಎಂದು ಟೈಲರಮ್ಮನ ಮುಂದೆ ಹಿಡಿದಳು. “ಉಸಿರಾಡ್ತಿದೆ ಅಲ್ವಾ?”

“ಹಾಯಾಗಿ ನಿದ್ದೆ ಮಾಡ್ತಿದೆಯಮ್ಮ.”

“ಅಲ್ವಾ? ನಾನೂ ಅದೇ ಅಂದ್ಕೊಂಡೆ,” ಎಂದವಳು ಎದ್ದು, ಮಂಡಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಕುಂಟುತ್ತಲೇ ಡೇಕೇರ್ ಬೀದಿಯತ್ತ ಓಡಿದಳು.