ಹೆಲ್ಮೆಟ್ಟಿನೊಳಗಿನ ರೋಗಿ

ಪಶು ಆಸ್ಪತ್ರೆಯ ಬೆಂಚಿನಲ್ಲಿ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡಿದ್ದ ದರ್ಜಿಯ ಕಿವಿಯೆಲ್ಲ ಪಕ್ಕದ ಗಂಡಹೆಂಡತಿಯ ಮೇಲಿತ್ತು. ಗಂಡನ ತೊಡೆಯ ಮೇಲೊಂದು ಹೆಲ್ಮೆಟ್, ಅದರೊಳಗೊಂದು ಕೋಳಿ.

"ಮೂರು ದಿನದಿಂದ ಸರಿಯಾಗಿ ತಿಂದಿಲ್ಲ ರೀ. ಉಳಿಯುತ್ತೋ ಇಲ್ವೋ."

"ಕೈ ಹಾಕಿದ್ರೆ ಕುಕ್ಕೋಕೆ ಮಾತ್ರ ಶಕ್ತಿ ಇದೆ!"

"ವಾರದಿಂದ ಒಂದು ಮೊಟ್ಟೆನೂ ಸಿಕ್ಕಿಲ್ಲ. ಮೈ ಉಬ್ಬಿಸ್ಕೊಂಡು ಇದರಲ್ಲೇ ಕೂತಿರುತ್ತೆ, ಪಾಪ."

ದರ್ಜಿಗೆ ತಡೆಯಲಾಗಲಿಲ್ಲ. "ಕೆಳಗೆ ಕೈ ಹಾಕಿ ನೋಡಿ ಸ್ವಾಮಿ."

ಗಂಡ ಎರಡು ಸಲ ಕುಕ್ಕಿಸಿಕೊಂಡು, "ಐದು ಮೊಟ್ಟೆ!" ಎಂದ.

"ಕಾವಿಗೆ ಕೂತಿದೆ. ಇಪ್ಪತ್ತೊಂದು ದಿನ ಏಳಿಸ್ಬೇಡಿ."

"ಅಯ್ಯೋ, ನನ್ನ ಬಂಗಾರ!"

"ಬೈಕು ಇವತ್ತು ರಿಪೇರಿಯಾಗಿ ಬರುತ್ತೆ ಕಣೇ. ನನ್ನ ತಲೆಗೆ?"

"ಬಸ್ಸಿಗೆ ಹೋಗಿ. ಈಗ ಅಲ್ಲಾಡಿಸದೆ ನಡೀರಿ."

ಗಂಡ ಗೊಣಗುತ್ತಲೇ ಎದ್ದ. ಬಾಗಿಲ ಬಳಿ ಅವನ ದನಿ ಏರಿತು.

"ಜಾಗ ಬಿಡ್ರಪ್ಪಾ, ಒಳಗೆ ಆರು ಜನ ಇದ್ದಾರೆ!"