ನಾಲ್ಕು ಸಲ ಒತ್ತಿದರೆ

ದೀಪ ಹಾಗೇ ಇರಲಿ, ಆರಿಸಬೇಡಿ. ಇದು ಅಲ್ಲೆಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು.

ಅವನನ್ನು ಮನೆಯಲ್ಲಿ ಎಲ್ಲರೂ ಶಿಸ್ತಪ್ಪ ಅಂತಲೇ ಕರೆಯುವುದು. ಔಷಧಿ ಗೋದಾಮಿನಲ್ಲಿ ಡಬ್ಬಿಗಳನ್ನು ಅಕ್ಷರದ ಸಾಲಿಗೆ ಜೋಡಿಸುವ ಕೆಲಸ. ಕೆಲಸ ಮುಗಿದರೂ ಕೈ ಸುಮ್ಮನಿರುತ್ತಿರಲಿಲ್ಲ. ನೆಂಟರ ಮನೆಗೆ ಹೋದರೆ ಒಳಗೆ ಬರುವ ಮೊದಲು ಬಾಗಿಲಲ್ಲಿದ್ದ ಚಪ್ಪಲಿಗಳನ್ನೆಲ್ಲ ಜೋಡಿ ಮಾಡಿಟ್ಟು ಬರುವ ಆಸಾಮಿ.

ಆ ರಾತ್ರಿ ಎರಡನೇ ಪಾಳಿ ಮುಗಿಸಿ ನಡೆದು ಬರುತ್ತಿದ್ದ. ಹನ್ನೆರಡೂವರೆ ಆಗಿರಬೇಕು. ದಾರಿಯಲ್ಲಿ ಒಂದು ಹಳೇ ಬಾವಿ, ಬಾವಿಯ ಎದುರಿಗೆ ಅತ್ತೆಯ ಮನೆ. ಅವನ ಅಪ್ಪನ ಅಕ್ಕ, ದಿಂಬಿನ ಚೀಲ ಹೊಲಿದು ಬದುಕಿದ್ದ ಹೆಂಗಸು. ತೀರಿಹೋಗಿ ಎರಡು ತಿಂಗಳಾಗಿತ್ತು. ಬಾಗಿಲಿಗೆ ಬೀಗ ಬಿದ್ದಿತ್ತು.

ಟಿಕ್.

ಶಿಸ್ತಪ್ಪ ನಿಂತ. ಬಾವಿಯಲ್ಲಿ ನೀರು ತೊಟ್ಟಿಕ್ಕಿದ ಸದ್ದಲ್ಲ. ಒಣ ಸದ್ದು... ಪ್ಲಾಸ್ಟಿಕ್ಕಿನದು.

ಟಿಕ್... ಟಿಕ್... ಟಿಕ್.

ನಾಲ್ಕು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬೇರೆ ಗುಂಡಿಯ ದಪ್ಪ ಸದ್ದು, ಟಕ್. ಅದರ ಹಿಂದೆಯೇ ಅತ್ತ ಕಡೆ ರಿಂಗ್ ಆಗುವ ಸಣ್ಣ ಸ್ವರ. ಕೂಂ... ಕೂಂ... ಯಾರೂ ಎತ್ತಲಿಲ್ಲ. ಮತ್ತೆ ಮೊದಲಿಂದ. ಟಿಕ್.

ಅವನ ಅಂಗಿ ಬೆನ್ನಿಗೆ ಅಂಟಿತು. ಆ ಸದ್ದು ಯಾವುದರದ್ದು ಅಂತ ಅವನೊಬ್ಬನಿಗೇ ಗೊತ್ತಿತ್ತು.

ಅತ್ತೆಗೆ ಓದು ಬರುತ್ತಿರಲಿಲ್ಲ. ಸಾಲದ್ದಕ್ಕೆ ಕಣ್ಣು ಬೇರೆ ಮಂಜು. ಅದಕ್ಕೇ ಮೊಬೈಲ್ ಅಂಗಡಿಯವನು ಒಂದು ಉಪಾಯ ಮಾಡಿಕೊಟ್ಟಿದ್ದ. ಬೇಕಾದ ಎಂಟು ನಂಬರುಗಳನ್ನು ಸಿಮ್ಮಿನಲ್ಲಿ ಹಾಕಿ, ಹೆಸರಿನ ಜಾಗದಲ್ಲಿ ಬರೀ 1, 2, 3 ಅಂತ ಬರೆದಿದ್ದ. ಕೆಳಗಿನ ಗುಂಡಿ ಒಂದು ಸಲ ಒತ್ತಿದರೆ ತಂಗಿ. ನಾಲ್ಕು ಸಲ ಒತ್ತಿದರೆ ಎರಡು ಬೀದಿ ಆಚೆಗಿರುವ ಶಿಸ್ತಪ್ಪ. ನೋಡುವ ಗೋಜೇ ಇಲ್ಲ, ಎಣಿಸಿ ಒತ್ತಿ ಆಮೇಲೆ ಕರೆಯ ಗುಂಡಿ ಒತ್ತಿದರಾಯಿತು.

ಒಂದು ಸಂಜೆ ಶಿಸ್ತಪ್ಪ ಆ ಪಟ್ಟಿ ನೋಡಿ ನಕ್ಕುಬಿಟ್ಟ. ಒಂದು, ಎರಡು ಅನ್ನುವುದೂ ಒಂದು ಹೆಸರೇ? ಕೂತಲ್ಲೇ ಎಲ್ಲ ನಂಬರನ್ನೂ ಸಿಮ್ಮಿನಿಂದ ಫೋನಿಗೆ ಸಾಗಿಸಿದ. ಪ್ರತಿಯೊಂದಕ್ಕೂ ಸರಿಯಾದ ಹೆಸರು ಕೊಟ್ಟ. ಸಿಮ್ಮನ್ನು ಪೂರ್ತಿ ಖಾಲಿ ಮಾಡಿದ. ಪಟ್ಟಿ ಅಕ್ಷರದ ಸಾಲಿಗೆ ಚೆಂದವಾಗಿ ಕೂತಿತು.

"ಈಗ ನೀನೆಲ್ಲಿದ್ದೀಯ?" ಅಂತ ಅತ್ತೆ ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದ್ದಳು. ಕೇಳಿದ್ದಳು, ಅದೇ ನೋವು. ಇವನಿಗೆ ಪಾಳಿಗೆ ಹೊತ್ತಾಗಿತ್ತು.

"ಎಲ್ಲ ಸರಿಯಾಗಿದೆ ಅತ್ತೆ, ಮೊದಲಿಗಿಂತ ಚೆನ್ನಾಗಿದೆ," ಅಂದು ಚಪ್ಪಲಿ ಮೆಟ್ಟಿ ಹೊರಟಿದ್ದ.

ಆರು ದಿನ ಕಳೆದು ಒಂದು ರಾತ್ರಿ ಅತ್ತೆಗೆ ಉಬ್ಬಸ ಬಂತು. ಬೆಳಗ್ಗೆ ಮೊದಲು ಒಳಗೆ ಹೋದವನು ಶಿಸ್ತಪ್ಪನೇ. ಅತ್ತೆಯ ಕೈಯಲ್ಲಿದ್ದ ಫೋನ್ ಬಿಡಿಸಿ ನೋಡಿದ. ರಾತ್ರಿ ಎರಡರಿಂದ ಮೂರರೊಳಗೆ ಹನ್ನೊಂದು ಕರೆ. ಹನ್ನೊಂದೂ ಗ್ಯಾಸ್ ಅಂಗಡಿಗೆ. ಹೊಸ ಸಾಲಿನಲ್ಲಿ ನಾಲ್ಕನೆಯದು ಅದು.

ಹೊರಗೆ ಹೆಜ್ಜೆ ಸದ್ದಾಯಿತು. ಅವನು ಆ ಕರೆಗಳನ್ನೆಲ್ಲ ಅಳಿಸಿಬಿಟ್ಟ.

ಈಗ ಬಾವಿಯ ಹತ್ತಿರ ಹನ್ನೊಂದನೇ ಸಲದ ನಾಲ್ಕು ಟಿಕ್ ಮುಗಿದವು. ಬೀಗ ಹಾಕಿದ ಬಾಗಿಲಿನ ಹಿಂದೆ ಉಸಿರು ಎಳೆದ ಸದ್ದು... ಸೀಟಿಯ ಹಾಗೆ.

"ಅತ್ತೆ?" ಅಂದ. ಬಾಗಿಲಿನ ಹಿಂದಿನಿಂದ ಮಾತು ಬಂತು.

"ಈಗ... ನೀನೆಲ್ಲಿದ್ದೀಯ?"

ಅಷ್ಟೇ. ಅವನು ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಒಂದು ಚಪ್ಪಲಿ ಬಾವಿಯ ಹತ್ತಿರವೇ ಉಳಿದಿತ್ತು. ಬೆಳಗ್ಗೆ ಮೊದಲ ಬಸ್ಸು ಹಿಡಿದು ಪಕ್ಕದ ಊರಿನಲ್ಲಿದ್ದ ಚಿಕ್ಕತ್ತೆಯ ಮನೆಗೆ ಹೋದ. ಸತ್ತ ಅತ್ತೆಯ ತಂಗಿ ಅವಳು.

ಚಿಕ್ಕತ್ತೆ ಊರವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಕಣ್ಣಿನ ಕೆಳಗೆ ಕಪ್ಪು. ಕುತ್ತಿಗೆಯಲ್ಲಿ ಬಟ್ಟೆಯ ಚೀಲ, ಅದರೊಳಗೆ ಫೋನು. ಅಕ್ಕ ಹೋದ ರಾತ್ರಿ ಇವಳು ಫೋನ್ ಆಫ್ ಮಾಡಿ ಮಲಗಿದ್ದಳು. ಅಕ್ಕ ನನಗೇ ಮಾಡಿರ್ತಾಳೆ, ನಾನೇ ಕೊಂದೆ ಅಂತ ಅಂದಿನಿಂದ ಒಂದೇ ಹಲುಬು. ಸ್ನಾನಕ್ಕೆ ಹೋದರೂ ಫೋನು ಬಾಗಿಲ ಹೊರಗೆ ಕೈಗೆಟುಕುವಂತೆ ಇರಬೇಕು.

"ಅತ್ತೆ ನಿಮಗೆ ಮಾಡಿರ್ಲಿಲ್ಲ ಚಿಕ್ಕತ್ತೆ. ನನಗೆ ಮಾಡಿದ್ರು. ಹನ್ನೊಂದು ಸಲ."

"ಮತ್ತೆ ನೀನ್ಯಾಕೆ ಎತ್ತಲಿಲ್ಲ?"

"ನನಗೆ ಬರ್ಲೇ ಇಲ್ಲ. ಗ್ಯಾಸ್ ಅಂಗಡಿಗೆ ಹೋಯ್ತು. ನಂಬರ್ ಸಾಲು ಬದಲಾಯಿಸಿದ್ದು ನಾನು. ಅಳಿಸಿದ್ದೂ ನಾನೇ."

ಚಿಕ್ಕತ್ತೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಎರಡು ತಿಂಗಳು ಕಣೋ... ಒಂದು ರಾತ್ರಿಯೂ ಕಣ್ಣು ಮುಚ್ಚಿಲ್ಲ ನಾನು. ನೀನು ಪಕ್ಕದಲ್ಲೇ ಕೂತು ನನಗೆ ಸಮಾಧಾನ ಹೇಳಿದೆಯಲ್ಲೋ."

ಅವನು ತಲೆ ಎತ್ತಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದ.

ಚಿಕ್ಕತ್ತೆ ಒಳಗಿನಿಂದ ಅಕ್ಕನ ಫೋನ್ ತಂದಳು. ಬ್ಯಾಟರಿ ಉಬ್ಬಿ ಸತ್ತಿತ್ತು. "ಇದರ ಸಿಮ್ ತೆಗೆದು ನನ್ನದಕ್ಕೆ ಹಾಕು," ಅಂದಳು.

"ಅದರಲ್ಲೇನಿಲ್ಲ ಚಿಕ್ಕತ್ತೆ. ನಾನೇ ಖಾಲಿ ಮಾಡಿದ್ದೆ."

"ಹಾಕು ಅಂದೆ."

ಹಾಕಿದ. ಚಿಕ್ಕತ್ತೆ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು. "ಒಂದು... ಎರಡು... ಮೂರು... ಐದು... ಆರು... ಏಳು... ಎಂಟು."

ಮತ್ತೊಮ್ಮೆ ಮೇಲಿಂದ ನೋಡಿದಳು. "ನಾಲ್ಕು ಎಲ್ಲೋ?"

ಅವನು ಆ ಸಿಮ್ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಚಿಕ್ಕತ್ತೆ ಈಗ ಫೋನ್ ಆಫ್ ಮಾಡಿಯೇ ಮಲಗುತ್ತಾಳೆ, ನಿದ್ದೆಯೂ ಬರುತ್ತದಂತೆ. ಬಾವಿಯ ಹತ್ತಿರ ಆಮೇಲೆ ಯಾವ ಸದ್ದೂ ಇಲ್ಲ. ಆ ಸಿಮ್ ಶಿಸ್ತಪ್ಪನ ಹತ್ತಿರವೇ ಇದೆ. ನಂಬದಿದ್ದರೆ ಬಿಡಿ, ನಾನಂತೂ ಅವನ ಮನೆಯಲ್ಲಿ ಒಂದು ರಾತ್ರಿ ಉಳಿದು ಕಣ್ಣಾರೆ ನೋಡಿದ್ದೇನೆ. ಮಲಗುವ ಮೊದಲು ನನ್ನೆದುರಿಗೇ ಅವನು 4 ಅಂತ ಬರೆದು ತನ್ನ ನಂಬರ್ ಸೇರಿಸಿದ. ಸೇವ್ ಆಯಿತು ಅಂತ ಬಂತು. ಆಗ ಪಟ್ಟಿಯಲ್ಲಿ ಎಂಟೂ ಇದ್ದವು, ನಾನೇ ಎಣಿಸಿದೆ.

ಬೆಳಗ್ಗೆ ನೋಡಿದರೆ ಮೂರರ ಕೆಳಗೆ ಐದು.